ಎರಡು ಬೆರಳಗಲ

ಮೊದಲ ಸಾಲನ್ನು ಅವನು ನೋಡಬಾರದಿತ್ತು. ನೋಡದೆ ಇದ್ದಿದ್ದರೆ ಇನ್ನೊಂದು ದಿನ, ಹೆಚ್ಚೆಂದರೆ ಇನ್ನೊಂದು ವಾರ, ತನಗೇನೂ ಗೊತ್ತಿಲ್ಲವೆಂದು ನಂಬಿಕೊಂಡು ಓಡಾಡಬಹುದಿತ್ತು. ಆದರೆ ಇಪ್ಪತ್ತಾರು ವರ್ಷದ ಅಭ್ಯಾಸ. ಯಾವ ಪಟ್ಟಿ ಕೈಗೆ ಬಂದರೂ ಕಣ್ಣು ಹೋಗುವುದು ಮೊದಲ ಸಾಲಿಗೇ. ಗಿರಾಕಿಯ ಕಡೆಯಿಂದ ವಾಪಸು ಬಂದ ಪೆಟ್ಟಿಗೆ ಮೇಜಿನ ಮೇಲಿತ್ತು, ಅದರ ಮೇಲೆ, ಒಳಗೆ ಬೆಳಕು ಎಷ್ಟು ತಡವಾಗುತ್ತದೆಂದು ಅವರೇ ಅಳೆದು ಕಳಿಸಿದ ಇನ್ನೂರೈವತ್ತಾರು ಸಾಲುಗಳ ಪಟ್ಟಿ. ಆಫೀಸಿನವರು ನೋಡಿದ್ದು ಕೊನೆಯ ಪುಟವನ್ನು ಮಾತ್ರ. ಗಾಜಿನ ಎಳೆಯ ಎಂಟು ಸುರುಳಿಗಳನ್ನೂ ಸುತ್ತಿಕೊಂಡು ಬೆಳಕು ಹೊರಗೆ ಬರುವ ಕೊನೆಯ ಸಾಲಿನಲ್ಲಿ ಇನ್ನೂರು ಪಿಕೋಸೆಕೆಂಡ್ ಕಡಿಮೆ. ಅಂದರೆ ಸುರುಳಿಯ ಎಳೆಯನ್ನು ಗಿಡ್ಡ ಕತ್ತರಿಸಿದ್ದಾರೆ. ಅಂದರೆ ಸುರುಳಿ ಸುತ್ತುವವಳಿಗೆ ವಯಸ್ಸಾಯಿತು. ಹೋದ ವಾರವೇ ಮೂರೇ ಹೆಜ್ಜೆಗೆ ವಿಚಾರಣೆ ಮುಗಿದು, ಆಕೆಯನ್ನು ಪ್ಯಾಕಿಂಗಿಗೆ ಹಾಕುವ ಮಾತೂ ಆಗಿತ್ತು. ಮೊದಲ ಸಾಲೆಂದರೆ ಎಂಟು ಸ್ವಿಚ್ಚುಗಳೂ ಆಚೆಗೆ ತಿರುಗಿ, ಬೆಳಕು ಒಂದೇ ಒಂದು ಸುರುಳಿಯನ್ನೂ ಮುಟ್ಟದೆ ನೆಟ್ಟಗೆ ಹೊರಬೀಳುವ ಸಾಲು. ಅಲ್ಲೂ ಇನ್ನೂರು ಕಡಿಮೆ. ನಡುವೆ ಎಲ್ಲಿ ಬೆರಳಿಟ್ಟರೂ ಅದೇ ಇನ್ನೂರು. ಸುರುಳಿಯೇ ದಾರಿಯಲ್ಲಿಲ್ಲದ ಕಡೆ ಸುರುಳಿಯ ತಪ್ಪು ಎಲ್ಲಿಂದ ಬರಬೇಕು? ಅವನು ಪಟ್ಟಿಯನ್ನು ಬೋರಲು ಹಾಕಿದ. ಮತ್ತೆ ತಿರುಗಿಸಿದ. ಟೀ ಆರಿಹೋಗಿತ್ತು.

ಮದುವೆಯಾದ ಹೊಸದರಲ್ಲಿ ಹೆಂಡತಿಗೆ ತನ್ನ ಕೆಲಸವನ್ನು ವಿವರಿಸಲು ಹೋಗಿದ್ದ. ಬೆಳಕನ್ನು ಕೂದಲಿನಷ್ಟು ತೆಳುವಾದ ಗಾಜಿನ ಎಳೆಯೊಳಗೆ ಸುತ್ತಾಡಿಸಿ, ಬೇಕಾದಷ್ಟೇ ತಡಮಾಡಿ ಹೊರಗೆ ಬಿಡುವ ಪೆಟ್ಟಿಗೆ. ವಿಮಾನ ಎಷ್ಟು ದೂರದಲ್ಲಿದೆ ಎಂದು ಹೇಳುವ ಯಂತ್ರಗಳನ್ನು ಪರೀಕ್ಷಿಸಲು ಅದು ಬೇಕು ಎಂದಿದ್ದ. "ಎಷ್ಟು ತಡ?" ಎಂದು ಅವಳು ಕೇಳಿದ್ದಳು. ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿ, ಅಂಥ ಒಂದೊಂದು ಪಾಲಿನ ಲೆಕ್ಕ, ಅದಕ್ಕೆ ಪಿಕೋಸೆಕೆಂಡ್ ಅಂತಾರೆ ಎಂದಾಗ ಅವಳು ಬಿದ್ದು ಬಿದ್ದು ನಕ್ಕು, "ಅಲ್ಲಿ ಅಷ್ಟು ನಾಜೂಕು, ಇಲ್ಲಿ ಸೋಪು ತರೋಕೆ ಹೋದ್ರೆ ಎರಡು ಗಂಟೆ!" ಅಂದಿದ್ದಳು. ಆ ನಗು ಅವನಿಗೆ ಹಿತವಾಗಿತ್ತು. ತನ್ನ ಕೆಲಸ ಯಾರಿಗೂ ಪೂರ್ತಿ ಅರ್ಥವಾಗದು ಎಂಬುದೂ ಒಳಗೊಳಗೆ ಹಿತವಾಗಿತ್ತು. ಅರ್ಥವಾಗದ ಕಡೆ ಯಾರೂ ಕೈಹಾಕಿ ತಡಕಾಡುವುದಿಲ್ಲ. ಅಜ್ಜಿಯ ವಿಷಯ ಅವಳಿಗೆ ಹೇಳಿರಲಿಲ್ಲ. ಅಳತೆಕೋಣೆಯ ಮೂಲೆಯಲ್ಲಿ ಗಾಜಿನ ಮುಚ್ಚಳದ ತಟ್ಟೆಯೊಳಗೆ ಹಗುರವಾಗಿ ಸುತ್ತಿಟ್ಟ ಹತ್ತು ಮೀಟರ್ ಎಳೆಗೆ ಎಲ್ಲರೂ ಅಜ್ಜಿ ಎನ್ನುತ್ತಾರೆ, ಉಳಿದದ್ದೆಲ್ಲ ಅವಳ ಮಾತಿನಂತೆ ನಡೆಯಬೇಕಾದ್ದರಿಂದ. ಒಂದೇ ಮಿಂಚನ್ನು ಎರಡಾಗಿ ಸೀಳಿ ಒಂದನ್ನು ಪೆಟ್ಟಿಗೆಯೊಳಗೂ ಇನ್ನೊಂದನ್ನು ಅಜ್ಜಿಯೊಳಗೂ ಕಳಿಸಿದರೆ, ಎರಡೂ ಹೊರಬರುವ ಹೊತ್ತಿನ ಲೆಕ್ಕ ಎಷ್ಟು ತಾಳೆಯಾಗಲಿಲ್ಲವೋ ಅದು ಪರದೆಯ ಮೇಲೆ 'ತಪ್ಪು' ಎಂಬ ಕಾಲಮ್ಮಿನಲ್ಲಿ ಬೀಳುತ್ತದೆ. ಯಂತ್ರ ಆ ತಪ್ಪಿನಲ್ಲಿ ಅರ್ಧವನ್ನಷ್ಟೇ ತೆಗೆದು ಪೆಟ್ಟಿಗೆಗೆ ವಾಪಸು ಉಣಿಸುತ್ತದೆ, ಒಳಗೆ ಸ್ಕ್ರೂ ತಿರುಗಿ ಸಣ್ಣ ಕನ್ನಡಿಯೊಂದು ಅಷ್ಟು ಜರುಗುತ್ತದೆ, ಮತ್ತೆ ಅಳತೆ. ಪೂರ್ತಿ ಒಮ್ಮೆಗೇ ತಿದ್ದಲು ಹೋದರೆ ಕನ್ನಡಿ ಅತ್ತ ಹಾರಿ ಇತ್ತ ಹಾರಿ ಒದ್ದಾಡುತ್ತದೆ. ನಲವತ್ತು, ಇಪ್ಪತ್ತು, ಹತ್ತು, ಐದು, ಕೊನೆಗೆ ಸೊನ್ನೆ. ದಿನಕ್ಕೆ ನೂರು ಸಲ ಅವನ ಬಾಯಲ್ಲಿ ತಪ್ಪು ಎಂಬ ಮಾತು ಬರುತ್ತದೆ. ಈ ಕೋಣೆಯಲ್ಲಿ ತಪ್ಪು ಎಷ್ಟು ಎಂದು ಕೇಳುತ್ತಾರೆಯೇ ಹೊರತು ಯಾರದು ಎಂದಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಅವನ ಮನಸ್ಸನ್ನು ಗೆದ್ದದ್ದೇ ಅದು. ಅಪ್ಪನ ಮನೆಯಲ್ಲಿ ಆ ಪದದ ಬೆನ್ನಿಗೇ ಒಂದು ಹೆಸರು ಬರುತ್ತಿತ್ತು.

ಏಳು ವಾರದ ಹಿಂದೆ, ಒಂದು ಮಂಗಳವಾರ, ಎಲ್ಲರೂ ಊಟಕ್ಕೆ ಹೋಗಿದ್ದಾಗ ಅಜ್ಜಿಯ ತುದಿಯನ್ನು ಒರೆಸಲೆಂದು ಮುಚ್ಚಳ ತೆಗೆದಿದ್ದ. ಹತ್ತಿಗಾಗಿ ಡ್ರಾಯರ್ ಎಳೆದಾಗ ಎಳೆಯ ಒಂದು ಸುತ್ತು ತಟ್ಟೆಯಿಂದ ಜಾರಿ ಅದರ ಬಾಯಿಗೆ ಇಳಿದದ್ದು ಕಾಣಲಿಲ್ಲ. ಮೊಣಕಾಲಿನಿಂದ ಡ್ರಾಯರ್ ತಳ್ಳಿ ಮುಚ್ಚಿದ. ಸದ್ದು ಕೂಡ ಬರಲಿಲ್ಲ. ಆಮೇಲೆ ಪರದೆ ಕಪ್ಪಾಗಿತ್ತು, ಅಷ್ಟೆ. ಹಾನಿಯಾದರೆ ತುಂಬಬೇಕಾದ ಒಂದು ಫಾರಂ ಇದೆ. ಅದನ್ನು ತೆಗೆದ, 'ಕಾರಣ' ಎಂದಿದ್ದ ಕಡೆ 'ಡ್ರಾಯರ್' ಎಂದು ಬರೆದ, ಎದುರಿಗೆ ಗೋಡೆಯ ಮೇಲೆ ತನ್ನದೇ ದಪ್ಪ ಅಕ್ಷರದ ಬೋರ್ಡು ಕಂಡಿತು: ಅಜ್ಜಿಯನ್ನು ಮುಟ್ಟಬೇಡಿ, ಅವಳ ಮೇಲೆ ಉಸಿರೂ ಬಿಡಬೇಡಿ. ಹೋದ ವರ್ಷ ಲೈಟು ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ಒಬ್ಬ ಮುಚ್ಚಳದ ಮೇಲೆ ಸ್ಕ್ರೂಡ್ರೈವರ್ ಇಟ್ಟನೆಂದು ಹನ್ನೊಂದು ಜನರ ಎದುರು ಅವನ ಕೈಯಲ್ಲಿ ಕ್ಷಮೆ ಕೇಳಿಸಿದ್ದ. ಆ ಮನುಷ್ಯನಿಗೆ ಅಳಿಯ ಬಂದಿದ್ದಾನೆ, ವಯಸ್ಸು ಅರವತ್ತರ ಹತ್ತಿರ ಎಂಬುದು ಆಮೇಲೆ ಗೊತ್ತಾಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತಲ್ಲ ಎಂದು ಆ ಹನ್ನೊಂದು ಬಾಯಿಗಳೂ ಆಡಿಕೊಳ್ಳುವುದು ಕಿವಿಗೆ ಕೇಳಿಸಿದಂತಾಗಿ ಅವನು ಫಾರಂ ಹರಿದ. ಜಜ್ಜಿಹೋದ ಭಾಗವನ್ನು ಎರಡೂ ಕಡೆಯಿಂದ ಕತ್ತರಿಸಿ ಗಾಜಿನ ಚೂರು ಹಾಕುವ ಬಾಟಲಿಗೆ ಎಸೆದು, ತುದಿಗಳನ್ನು ಕರಗಿಸಿ ಬೆಸೆದ. ಬೆಸುಗೆಯ ಮೇಲೆ ಸಾಮಾನ್ಯವಾಗಿ ಹಾಕುವ ದಪ್ಪ ಕೊಳವೆ ಹಾಕಲಿಲ್ಲ. ಹಾಕಿದರೆ ಎಂಥ ಕುರುಡನಿಗೂ ಕಾಣುತ್ತದೆ. ಮೂಲ ಎಳೆಗಿದ್ದಂಥದೇ ಅಂಟನ್ನು ಹನಿಹನಿಯಾಗಿ ಸವರಿ, ದೀಪದಡಿ ಗಟ್ಟಿಮಾಡಿ, ತಾನೇ ಲೆನ್ಸಿನಲ್ಲಿ ನೋಡಿದರೂ ಸಿಗದ ಹಾಗೆ ಮುಗಿಸಿದ. ಇಪ್ಪತ್ತು ನಿಮಿಷ. ಅಷ್ಟು ಚೆನ್ನಾಗಿ ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ, ಮಾಡಿದ್ದನ್ನು ಯಾರಿಗೂ ತೋರಿಸುವ ಹಾಗೂ ಇರಲಿಲ್ಲ. ಎಷ್ಟು ಕತ್ತರಿಸಿ ಎಸೆದೆನೆಂದು ಅಳೆಯಲಿಲ್ಲ. ಅಳೆದಿದ್ದರೆ ಗೊತ್ತಾಗಿಬಿಡುತ್ತಿತ್ತಲ್ಲ. ಈಗ ಗಿರಾಕಿಯೇ ಅಳೆದು ಹೇಳುತ್ತಿದ್ದಾನೆ: ಇನ್ನೂರು ಪಿಕೋಸೆಕೆಂಡ್ ಎಂದರೆ ನಾಲ್ಕು ಸೆಂಟಿಮೀಟರ್, ಎರಡು ಬೆರಳಗಲ. ಬೆಸೆದ ಮೇಲೆ ಈ ಏಳು ವಾರದಲ್ಲಿ ಮೂರು ಪೆಟ್ಟಿಗೆಗಳು ಆ ಗಿಡ್ಡ ಅಜ್ಜಿಯ ಮುಂದೆ ಕೂತು ನಲವತ್ತು, ಇಪ್ಪತ್ತು, ಹತ್ತು ಎಂದು ವಿಧೇಯವಾಗಿ ಸೊನ್ನೆಗೆ ಬಂದು, ಅವನ ಸಹಿ ಹಾಕಿಸಿಕೊಂಡು ಹೋಗಿದ್ದವು.

ಫೋನು ಬಡಿದುಕೊಂಡಿತು. ಅಕ್ಕ. "ಸ್ಟೇಷನ್ನಿಗೆ ಬಂದು ಕೂತಿದೀನಿ ಕಣೋ." ಗಂಟೆ ನೋಡಿದ, ಹತ್ತು ಹತ್ತು. "ನಿನ್ ರೈಲು ಒಂದೂವರೆಗಲ್ವೇನೆ?" "ಹೌದಪ್ಪ, ನನ್ನ ನಂಬೋಕಾಗತ್ತಾ? ಮೊದಲೇ ಬಂದಿರೋದು ವಾಸಿ." ಅವಳು ನಕ್ಕಳು, ಅವನೂ ನಕ್ಕ, ಮನೆಯಲ್ಲಿ ಇದೊಂದು ನಲವತ್ತು ವರ್ಷದ ಹಳೆಯ ನಗು. ಅಪ್ಪ ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟಿರುತ್ತಿದ್ದ, ಮಕ್ಕಳು ಸೋಮಾರಿಗಳಾಗಬಾರದೆಂದು. ಮಕ್ಕಳಿಗೂ ಅದು ಗೊತ್ತಿತ್ತು, ಎಲ್ಲರೂ ಹತ್ತು ಕಳೆದೇ ಓದುತ್ತಿದ್ದರು. ಒಂದು ದಿನ ಯಾವುದೋ ಹುಕಿಯಲ್ಲಿ ಅಪ್ಪ ಅದನ್ನು ಸರಿಯಾದ ಸಮಯಕ್ಕೆ ತಿರುಗಿಸಿ, ಹೇಳುವುದನ್ನು ಮರೆತ. ಅಕ್ಕ ಎಂದಿನಂತೆ ಹತ್ತು ಕಳೆದಳು, ಬಸ್ಸು ತಪ್ಪಿತು, ಪರೀಕ್ಷೆಯ ಕೋಣೆಯ ಬಾಗಿಲು ಹಾಕಿತ್ತು. ಸಂಜೆ ಅಪ್ಪ ಗಡಿಯಾರದ ಕೆಳಗೆ ನಿಂತು, "ಗಂಟೆ ನೋಡೋಕೂ ಬರದ ಹುಡುಗಿ" ಅಂದ. ಅಪ್ಪ ಸುಳ್ಳ ಅಲ್ಲ, ಒಳ್ಳೆಯವನೇ. ಬಾಯಿಗೆ ಬಂದದ್ದು ಅದೊಂದು ಮಾತು, ಆಮೇಲೆ ಅದನ್ನು ಹಿಂತೆಗೆದುಕೊಳ್ಳುವ ಹೊತ್ತು ಪ್ರತಿದಿನವೂ ಇತ್ತು, ಪ್ರತಿದಿನವೂ ಮೀರುತ್ತಿತ್ತು. ಅಪ್ಪ ಸಾಯುವ ವರ್ಷ ಇವನ ಹತ್ತಿರ ಮಾತ್ರ ಹೇಳಿದ್ದ. ಇವನು ಅಕ್ಕನಿಗೆ ಹೇಳಿರಲಿಲ್ಲ. ಈಗ ಹೇಳಿ ಏನು ಪ್ರಯೋಜನ ಎಂದುಕೊಂಡಿದ್ದ. ಐವತ್ತೆರಡು ವರ್ಷದ ಹೆಂಗಸು ಮೂರು ಗಂಟೆ ಮುಂಚೆ ಹೋಗಿ ಸ್ಟೇಷನ್ನಿನ ಬೆಂಚಿನ ಮೇಲೆ ಚೀಲ ತಬ್ಬಿಕೊಂಡು ಕೂರುತ್ತಾಳೆ, ತನ್ನನ್ನು ತಾನೇ ಗೇಲಿಮಾಡಿಕೊಳ್ಳುತ್ತ. "ಊಟ ಮಾಡು," ಎಂದಷ್ಟೇ ಹೇಳಿ ಅವನು ಫೋನಿಟ್ಟ.

ಊಟದ ಹೊತ್ತಿಗೆ ಸುರುಳಿಕೋಣೆಗೆ ಹೋದ, ಹೇಳಿಬಿಡುವುದೆಂದೇ. ಸುರುಳಿ ಸುತ್ತುವವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇದೆ. ಎಲ್ಲರಿಗೂ ಆಕೆ ಸುರುಳಮ್ಮ. ಐವತ್ತಾರು ವರ್ಷ. ಚಕ್ರದ ಹಿಡಿ ತಿರುಗಿಸುತ್ತ, ಎಳೆಯನ್ನು ಎಡಗೈಯ ಎರಡು ಬೆರಳ ನಡುವೆ ಹಾಯಿಸುತ್ತ, ಬಾಯಲ್ಲಿ ಪಕ್ಕದ ಮನೆಯ ಜಗಳವನ್ನು ಹೇಳುತ್ತಲೇ ಸುತ್ತಿನ ಎಣಿಕೆ ತಪ್ಪದೆ ಮುಗಿಸಬಲ್ಲವಳು. ಇವತ್ತು ಚಕ್ರ ನಿಂತಿತ್ತು. ಡಬ್ಬಿ ತೆರೆದಿಟ್ಟುಕೊಂಡು ತಿನ್ನದೆ ಕೂತಿದ್ದಳು. "ಏನ್ ಸಾರ್, ಹರಳೆಣ್ಣೆ ಕುಡಿದೋರ ಹಾಗೆ ಮುಖ? ಪ್ಯಾಕಿಂಗಿಗೆ ಹೋಗ್ತಿರೋಳು ನಾನು, ನೀವಲ್ಲ." ಅವನು ಸ್ಟೂಲ್ ಎಳೆದುಕೊಂಡ. ಸುರುಳಮ್ನೋರೆ, ಒಂದು ವಿಷಯ, ಎಂದ. ಆಕೆ ಕಾಯಲಿಲ್ಲ. "ಒಂದು ವಾರ ಆಯ್ತು, ಎಳೆ ಗಿಡ್ಡ ಆಗಿದೆ ಅಂತ ಆಫೀಸಿನೋರು ಹೇಳಿ. ಮೊದಲ ದಿನ ಸಿಟ್ಟು ಬಂತು, ನಿಜ ಹೇಳ್ತೀನಿ. ಇಪ್ಪತ್ತೆರಡು ವರ್ಷ ಒಂದು ಸುತ್ತು ಆಚೆ ಈಚೆ ಆಗಿಲ್ಲ, ಈಗ ಹೇಗಾಗತ್ತೆ ಅಂತ. ಆಮೇಲೆ ಮನೇಲಿ ನೋಡ್ಕೊಂಡೆ. ಸೂಜಿಗೆ ದಾರ ಹಾಕೋಕೆ ಮೂರು ಸಲ ಬೇಕಾಯ್ತು. ಸೊಸೆ ಬಂದು, ಕೊಡಿ ಅತ್ತೆ ನಾನ್ ಹಾಕ್ತೀನಿ ಅಂತ ಇಸ್ಕೊಂಡ್ಳು. ಪಾಪ, ಒಳ್ಳೆ ಮನಸ್ಸಿಂದ್ಲೇ. ಈಗ ಲೋಟ ಹಿಡಿದ್ರೂ ಕೈ ಕಡೆಗೇ ಗಮನ. ಮೊಮ್ಮಗೂನ ಎತ್ಕೊಳ್ಳೋದು ಬಿಟ್ಟಿದೀನಿ ಸಾರ್. ಎಲ್ಲಿ ಜಾರಿಸಿಬಿಡ್ತೀನೋ ಅಂತ. ಅದು ಕೈ ಚಾಚ್ಕೊಂಡು ಬರತ್ತೆ, ನಾನು ಅಡುಗೆಮನೆಗೆ ಹೋಗ್ಬಿಡ್ತೀನಿ." ಎರಡೂ ಅಂಗೈಗಳನ್ನು ಮಡಿಲಲ್ಲಿಟ್ಟು, ಯಾರೋ ತಂದುಕೊಟ್ಟ ಸಾಮಾನನ್ನು ನೋಡುವಂತೆ ನೋಡಿದಳು.

ಹೇಳಬೇಕಾದ್ದು ನಾಲಿಗೆಯ ತುದಿಗೆ ಬಂದಿತ್ತು. ಆಣೆಗೂ ಬಂದಿತ್ತು. ಬಾಯಿ ತೆರೆದಾಗ ಹೊರಬಿದ್ದದ್ದು ಮಾತ್ರ, "ಒಂದ್ಸಲ ಕಣ್ಣಿನ ಡಾಕ್ಟ್ರಿಗೆ ತೋರಿಸಿ" ಎಂಬ ಮಾತು. ಆಕೆ ತಲೆಯಾಡಿಸಿ, "ಮಗನೂ ಅದನ್ನೇ ಅಂದ" ಎಂದಳು. ಅವನು ಎದ್ದು ಕಾರಿಡಾರಿಗೆ ಬಂದ. ಥೂ, ಎಂಥ ಮನುಷ್ಯ ನಾನು. ಸುಮ್ಮನಿದ್ದಿದ್ದರೆ ಹೇಡಿ ಮಾತ್ರ ಆಗಿರುತ್ತಿದ್ದೆ. ಆಕೆಗೆ ಇಲ್ಲದ ರೋಗಕ್ಕೆ ಮದ್ದನ್ನೂ ಹೇಳಿ ಬಂದೆನಲ್ಲ. ನಲ್ಲಿಯಲ್ಲಿ ಮುಖ ತೊಳೆದ. ಕನ್ನಡಿಯಲ್ಲಿ ಕಂಡವನು ಶಾಂತವಾಗಿದ್ದ, ಕಾಲರ್ ನೆಟ್ಟಗಿತ್ತು, ಯಾರು ನೋಡಿದರೂ ನಂಬುವಂತಿದ್ದ. ಹಿಂದಿನಿಂದ ಬಂದ ಗುಮಾಸ್ತ, "ಸಾರ್, ಹೆಗಲ ಮೇಲೆ ಏನೋ ಬಿಳಿ" ಎಂದಾಗ ಕುಂಬಳಕಾಯಿ ಕಳ್ಳನಂತೆ ಬೆಚ್ಚಿ ಹೆಗಲು ಮುಟ್ಟಿ ನೋಡಿಕೊಂಡ. ಸುಣ್ಣ. ಗೋಡೆಗೆ ಒರಗಿದ್ದನೇನೋ, ಯಾವಾಗ ಎಂದು ನೆನಪಾಗಲಿಲ್ಲ.

ಮೂರು ಗಂಟೆಗೆ ಮ್ಯಾನೇಜರು ಕರೆಸಿದರು. ಕೆಟ್ಟ ಮನುಷ್ಯರಲ್ಲ, ಯಾರ ಮೇಲೂ ದನಿಯೆತ್ತದವರು, ಎಲ್ಲರ ಮನೆಯವರನ್ನೂ ವಿಚಾರಿಸಿಕೊಳ್ಳುವವರು. ಮೇಜಿನ ಮೇಲೆ ಒಂದೇ ಹಾಳೆ. ಸುರುಳಿಯ ಉದ್ದದಲ್ಲಿ ದೋಷ. ಇನ್ನು ಮುಂದೆ ಸುರುಳಿಗಳನ್ನು ಹೊರಗೆ ಸುತ್ತಿಸುವುದು. ಸುರುಳಮ್ಮ ಸೋಮವಾರದಿಂದ ಪ್ಯಾಕಿಂಗಿಗೆ. "ಅವರಿಗೂ ಹಗುರ ಆಗತ್ತೆ ಅಲ್ವಾ? ನೀವು 'ಪರೀಕ್ಷಿಸಿದವರು' ಅಂತಿರೋ ಕಡೆ ಒಂದು ಸಹಿ ಹಾಕಿ." ಅವನು ಸಹಿ ಹಾಕಿದ. ಹೌದು, ಹಾಕಿದ. ಇಪ್ಪತ್ತಾರು ವರ್ಷದ ಸಹಿ ತನ್ನಷ್ಟಕ್ಕೆ ತಾನೇ ಹರಿದು, ಕೊನೆಯಲ್ಲಿ ಎರಡು ಚುಕ್ಕೆ ಇಟ್ಟು ನಿಂತಿತು. ಆಮೇಲೆ ಸುರುಳಮ್ಮ ಒಳಗೆ ಬಂದಳು. ಕೂರಿ ಎಂದರೂ ಕೂರಲಿಲ್ಲ. ಮ್ಯಾನೇಜರು ಹಾಳೆಯನ್ನು ಓದಿ ಹೇಳಿ, ನಿಮ್ಮ ಮೇಲೆ ಆರೋಪ ಅಂತ ತಿಳ್ಕೋಬೇಡಿ, ಯಾರಿಗಾದ್ರೂ ಆಗೋದೇ, ಎಂದರು.

"ಇಲ್ಲ ಸಾರ್, ನಂದೇ," ಅಂದಳು ಸುರುಳಮ್ಮ. "ನಿನ್ನೆ ಮಲಗ್ದಾಗ ನೆನಪಾಯ್ತು. ಆ ಪೆಟ್ಟಿಗೆ ಸುತ್ತೋ ದಿನ ಮೊಮ್ಮಗೂಗೆ ಜ್ವರ ಇತ್ತು, ಸೊಸೆ ಫೋನ್ ಮಾಡಿದ್ಲು. ನಾನು ನಾನೂರ ಹನ್ನೆರಡನೇ ಸುತ್ತಲ್ಲಿ ನಿಲ್ಲಿಸಿ ಮಾತಾಡ್ದೆ. ವಾಪಸ್ ಬಂದು ನಾನೂರ ಹದಿಮೂರು ಅಂತ ಶುರು ಮಾಡೋ ಬದಲು ಹದಿನಾಲ್ಕು ಅಂತ ಮಾಡಿರ್ಬೇಕು. ಆವಾಗ್ಲೇ ಎಳೆ ಬೆರಳಲ್ಲಿ ಸಡಿಲ ಅನ್ಸಿತ್ತು. ಗೊತ್ತಾಗಿಯೂ ಸುಮ್ನಿದ್ದೆ. ಬರ್ಕೊಳ್ಳಿ ಸಾರ್, ತಪ್ಪಾಯ್ತು."

ಅವನಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಇದೆಲ್ಲ ಆಗಿಲ್ಲ. ಒಂದು ಸುತ್ತು ಬಿಟ್ಟುಹೋಗಿದ್ದರೆ ಸಾವಿರ ಪಿಕೋಸೆಕೆಂಡಿಗೂ ಮೀರಿದ ಕೊರತೆ ಬರಬೇಕು, ಇನ್ನೂರಲ್ಲ. ನಾನೂರ ಹನ್ನೆರಡು ಆಗಿಲ್ಲ, ಸಡಿಲವಾದ ಎಳೆ ಆಗಿಲ್ಲ. ಒಂದು ವಾರ ರಾತ್ರಿ ಹಗಲು ತನ್ನನ್ನು ತಾನೇ ಜರುಗಿಸಿಕೊಂಡು, ಜರುಗಿಸಿಕೊಂಡು, ಆಕೆ ಅವನ ಸುಳ್ಳಿಗೆ ಸರಿಯಾಗಿ ಬಂದು ನಿಂತಿದ್ದಳು. "ಸುರುಳಮ್ನೋರೆ, ಸಾಕು," ಎಂದ. ದನಿ ಅಗತ್ಯಕ್ಕಿಂತ ಜೋರಾಯಿತು. "ನೀವು ಎಣಿಸಿದ್ದು ಸರಿ ಇತ್ತು. ಅಜ್ಜಿ ಗಿಡ್ಡ ಆಗಿದಾಳೆ. ನಾನು ಡ್ರಾಯರಿಗೆ ಸಿಕ್ಕಿಸಿ ಮುರಿದೆ, ಕತ್ತರಿಸಿ ಬೆಸೆದೆ, ಯಾರಿಗೂ ಹೇಳ್ಲಿಲ್ಲ. ಏಳು ವಾರ ಆಯ್ತು." ಮ್ಯಾನೇಜರು ಪೆನ್ನು ಕೆಳಗಿಟ್ಟು, ಯಾಕೆ ಹೇಳ್ಲಿಲ್ಲ ಎಂದರು. "ನಾಚಿಕೆ ಆಯ್ತು." ಅಷ್ಟೇ ಇದ್ದದ್ದು. ಹೇಳಿದ ಮೇಲೆ ಅದು ಎಷ್ಟು ಚಿಕ್ಕದು ಎನಿಸಿ ಇನ್ನೂ ನಾಚಿಕೆಯಾಯಿತು.

ಸುರುಳಮ್ಮ ಅವನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಎಂಥದೋ ಮಮತೆ. "ಬೇಡ ಸಾರ್. ನಿಮ್ಮ ಮನಸ್ಸು ದೊಡ್ಡದು. ನನ್ನ ಉಳಿಸೋಕೆ ಅಂತ ಇಲ್ಲದ್ದನ್ನ ತಲೆ ಮೇಲೆ ಹಾಕ್ಕೋಬೇಡಿ. ನೀವು, ಅಜ್ಜಿನ ಮುರಿಯೋದು! ಯಾರು ನಂಬ್ತಾರೆ?" ಮ್ಯಾನೇಜರೂ ನಿಟ್ಟುಸಿರುಬಿಟ್ಟು ನಕ್ಕರು. "ನೀವು ಹೀಗೇ ಏನೋ ಮಾಡ್ತೀರಿ ಅನ್ಕೊಂಡಿದ್ದೆ. ಇಂಥ ಜನ ಇರೋದಕ್ಕೇ ಈ ಜಾಗ ನಡೀತಿದೆ." ಅವನು ಪಟ್ಟಿಯನ್ನು ತೋರಿಸಿದ, ಮೊದಲ ಸಾಲು ನೋಡಿ, ಇಲ್ಲಿ ಸುರುಳಿಯೇ ಇಲ್ಲ, ಎಂದ. ಮ್ಯಾನೇಜರು ನೋಡಿದರು, ಆದರೆ ಕರುಣೆಯಿಂದ ನೋಡಿದರು. ನಿಮಗೆ ಬೇಕಾದ ಹಾಗೆ ಲೆಕ್ಕ ತೋರಿಸೋಕೆ ನಿಮಗೆ ಬರತ್ತೆ ಅಂತ ನಂಗೊತ್ತು, ಎಂದರು. "ನಾನು ಒಳ್ಳೆಯವನಲ್ಲ ಕಣ್ರೀ!" ಎಂದು ಅವನು ಕೂಗಿದ್ದು ಕಾರಿಡಾರಿನ ತುದಿಯವರೆಗೆ ಕೇಳಿಸಿರಬೇಕು. ಓಡಿದ. ಅಳತೆಕೋಣೆಯ ತಂತಿಗಳನ್ನು ಕಿತ್ತು, ಉಸಿರೂ ಬಿಡಬಾರದೆಂದಿದ್ದ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಬಾಗಿಲುಗಳಲ್ಲಿ ಇಣುಕುತ್ತಿದ್ದ ಮುಖಗಳ ನಡುವೆ ಏದುಸಿರು ಬಿಡುತ್ತ ಬಂದು ಮೇಜಿನ ಮೇಲಿಟ್ಟ. ಮುಚ್ಚಳ ತೆಗೆದ. "ಬೆಸುಗೆ ಇದೆ ಇದರಲ್ಲಿ. ನೋಡಿ."

ಮ್ಯಾನೇಜರು ಫೋನಿನ ಬೆಳಕು ಹಾಕಿ ನೋಡಿದರು. ಏನೂ ಕಾಣಲಿಲ್ಲ. ಅವನು ಲೆನ್ಸು ಹಚ್ಚಿ ಒಂದೊಂದೇ ಸುತ್ತನ್ನು ಹುಡುಕಿದ, ಕುತ್ತಿಗೆಯಿಂದ ಬೆವರು ಇಳಿಯಿತು. ಎಲ್ಲ ಕಡೆಯೂ ಒಂದೇ ದಪ್ಪ, ಒಂದೇ ಹೊಳಪು. ಹತ್ತು ಮೀಟರಿನ ಉದ್ದಕ್ಕೂ ಅವನು ನಿರಪರಾಧಿಯಾಗಿದ್ದ. "ಇದೆ," ಎಂದ, "ಇದೆ, ಆಣೆ ಮಾಡಿ ಹೇಳ್ತೀನಿ," ಎಂದು ಮಗುವಿನ ಹಾಗೆ ಹೇಳಿದ. ಮ್ಯಾನೇಜರು ಅವನ ಭುಜದ ಮೇಲೆ ಕೈಯಿಟ್ಟು, ಸಾಕು, ಮನೆಗೆ ಹೋಗಿ, ಎಂದರು.

"ಕೊಡಿ ಸಾರ್, ಇಲ್ಲಿ," ಅಂದಳು ಸುರುಳಮ್ಮ. ಅವನ ಸಂಕಟ ನೋಡಲಾರದೆ ಹಾಗೆಂದಿರಬೇಕು. ಕೋಟಿನ ಅಂಚಿಗೆ ಬೆರಳು ಒರೆಸಿಕೊಂಡು ಎಳೆಯ ತುದಿಯನ್ನು ಎತ್ತಿಕೊಂಡಳು. ಕಣ್ಣು ಮುಚ್ಚಿದಳು. ಎಡಗೈಯ ಎರಡು ಬೆರಳ ನಡುವೆ ಎಳೆ ಹಾಯತೊಡಗಿತು, ಬಲಗೈ ಅದನ್ನು ಸುತ್ತುಸುತ್ತಾಗಿ ಇಳಿಬಿಡುತ್ತಿತ್ತು. ಮೊದಮೊದಲು ಹೆದರುತ್ತ ಇದ್ದ ಕೈ ಒಂದೆರಡು ಮೀಟರಿನೊಳಗೆ ತನ್ನ ವೇಗಕ್ಕೆ ಬಂತು. ತುಟಿಗಳು ಸಣ್ಣಗೆ ಅಲ್ಲಾಡುತ್ತಿದ್ದವು, ಎಣಿಸುತ್ತಿದ್ದಳೋ ಏನೋ. ಅರ್ಧ ದಾಟಿತು. ನಿಂತಿತು. ಬೆರಳು ಒಂದು ಗೇಣು ಹಿಂದೆ ಹೋಗಿ, ಮತ್ತೆ ಮುಂದೆ ಬಂದು, ಅದೇ ಜಾಗದಲ್ಲಿ ಮತ್ತೆ ನಿಂತಿತು. ಉಗುರಿನ ಅಂಚಿನಿಂದ ಒಮ್ಮೆ ತಡವಿದಳು.

"ಇಲ್ಲಿ," ಎಂದಳು.

ಅವನು ಲೆನ್ಸನ್ನು ಅಲ್ಲಿಟ್ಟ. ಜಾಗ ಗೊತ್ತಾದ ಮೇಲೆ ಕಂಡಿತು. ಮ್ಯಾನೇಜರೂ ಬಗ್ಗಿ ನೋಡಿ, ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ಸುರುಳಮ್ಮ ಕಣ್ಣು ತೆರೆದಿದ್ದಳು. ಎಳೆಯನ್ನೂ ನೋಡುತ್ತಿರಲಿಲ್ಲ, ಅವನನ್ನೂ ನೋಡುತ್ತಿರಲಿಲ್ಲ, ತನ್ನ ಬೆರಳುಗಳನ್ನು ನೋಡುತ್ತಿದ್ದಳು. "ಕೈ ಸರಿಯಾಗೇ ಇದೆ," ಎಂದಳು, ಯಾರಿಗೂ ಅಲ್ಲ. ಮುಖ ಚಿಕ್ಕ ಹುಡುಗಿಯದರ ಹಾಗೆ ಅರಳಿತು, ನಕ್ಕಳು, ನಗುನಗುತ್ತಲೇ ಏನೋ ಹೊಳೆದಂತೆ ನಿಂತಳು. ಒಂದು ವಾರ ಪೂರ್ತಿ ಒಂದೊಂದೇ ದಿನವಾಗಿ ಆ ಮುಖದ ಮೇಲೆ ವಾಪಸು ಬರುವುದನ್ನು ಅವನು ಎದುರಿಗೆ ನಿಂತು ನೋಡಿದ. ಬೈದರೆ ಬದುಕಿಕೊಳ್ಳುತ್ತೇನೆ ಎಂದುಕೊಂಡ. ಆಕೆ ಬೈಯಲಿಲ್ಲ. ಬೆಸುಗೆಯ ಜಾಗವನ್ನು ಇನ್ನೊಮ್ಮೆ ಹೆಬ್ಬೆರಳಿನಿಂದ ಸವರಿ, ಕೆಲಸ ಬಲ್ಲವರು ಕೆಲಸವನ್ನು ನೋಡಿ ಹೇಳುವಂತೆ, ಮೆತ್ತಗೆ ಹೇಳಿದಳು:

"ಎಷ್ಟು ಚೆನ್ನಾಗಿ ಮುಚ್ಚಿದೀರ ಸಾರ್."